ಶಿಶುವಿನ ಸಂಗೀತ ಗ್ರಹಿಕೆ ಮತ್ತು ಶ್ರವಣ ತಪಾಸಣೆ: ಪೋಷಕರ ಮಾಹಿತಿಗಾಗಿ

ನವಜಾತ ಶಿಶುಗಳ ಶ್ರವಣ ತಪಾಸಣೆಯನ್ನು ಕೋರುವ ಪೋಷಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮಗುವು ಮಾತನಾಡುವ ವಯಸ್ಸು ಬರುವವರೆಗೆ ಕಿವಿಯ ತಪಾಸಣೆ ಅನಾವಶ್ಯಕವೆಂಬ ಭಾವನೆ ಹಲವರಲ್ಲಿದೆ. ಇದು ಸರಿಯಲ್ಲ. ಮಾತಿಗೆ ಮುನ್ನವೇ ಮಗುವು ಸ್ವರ ಹಾಗೂ ಲಯಗಳನ್ನು ಗ್ರಹಿಸುತ್ತದೆ; ಭಾಷಾಕಲಿಕೆಗೆ ಇದು ತಳಹದಿಯಾಗಿರುತ್ತದೆ.

1. ಜನನಕ್ಕೆ ಮುನ್ನ
ಗರ್ಭಾವಸ್ಥೆಯ ಕೊನೆಯ ಮೂರು ತಿಂಗಳುಗಳಲ್ಲಿ ಶಿಶುವಿಗೆ ಹೊರಗಿನ ಶಬ್ದಗಳು ಕೇಳಿಸುತ್ತವೆ. ತಾರಸ್ಥಾಯಿಯ ಧ್ವನಿಗಳು ಗರ್ಭಕೋಶವನ್ನು ತಲುಪುವಷ್ಟರಲ್ಲಿ ಕ್ಷೀಣಿಸುವುದರಿಂದ ಮಾತಿನ ಅಕ್ಷರಗಳು ಅಸ್ಪಷ್ಟವಾಗಿದ್ದು, ತಾಯಿಯ ದನಿಯ ಏರಿಳಿತ ಮತ್ತು ಲಯ ಮುಖ್ಯವಾಗಿ ತಲುಪುತ್ತವೆ. ನವಜಾತ ಶಿಶುಗಳು ಅಪರಿಚಿತರ ಧ್ವನಿಗಿಂತ ತಾಯಿಯ ಧ್ವನಿಗೆ ಹೆಚ್ಚು ಒಲವು ತೋರುವುದು 1980ರ ಅಧ್ಯಯನದಿಂದ ತಿಳಿದುಬಂದಿದೆ.

2. ಜನನದ ನಂತರ
ತಾಳದ ಮುಖ್ಯ ಪೆಟ್ಟನ್ನು ಕೈಬಿಟ್ಟಾಗ ಎರಡು-ಮೂರು ದಿನಗಳ ಶಿಶುವಿನ ಮಿದುಳು ನಿದ್ರೆಯಲ್ಲಿಯೂ ಅದನ್ನು ಗುರುತಿಸುವುದು 2009ರ ಅಧ್ಯಯನದಲ್ಲಿ ಕಂಡುಬಂದಿದೆ. ಕೆಲವು ತಿಂಗಳುಗಳ ಮಗುವು ಪರಿಚಿತ ಧಾಟಿಯನ್ನು ಬೇರೆ ಶ್ರುತಿಯಲ್ಲಿ ನುಡಿಸಿದರೂ ಗುರುತಿಸಬಲ್ಲದು.

3. ಮೊದಲ ವರ್ಷದ ಮಹತ್ವ
ಈ ಗ್ರಹಣಶಕ್ತಿಯು ಕ್ರಮೇಣ ತಾನು ಕೇಳುವ ಭಾಷೆ ಹಾಗೂ ಸಂಗೀತಕ್ಕೆ ಹೊಂದಿಕೊಳ್ಳುತ್ತದೆ. ಕನ್ನಡದಂತೆಯೇ ಹಿಂದಿಯಲ್ಲಿಯೂ ಇರುವ 'ಟ' ಮತ್ತು 'ತ' ಧ್ವನಿಗಳ ವ್ಯತ್ಯಾಸವನ್ನು ಇಂಗ್ಲಿಷ್ ಮನೆಮಾತಿನ ಶಿಶುಗಳು 6ರಿಂದ 8 ತಿಂಗಳಲ್ಲಿ ಗುರುತಿಸಿದವು. 10ರಿಂದ 12 ತಿಂಗಳ ವೇಳೆಗೆ ಬಹುತೇಕ ಶಿಶುಗಳಿಗೆ ಅದು ಸಾಧ್ಯವಾಗಲಿಲ್ಲ (1984ರ ಅಧ್ಯಯನ). ಶ್ರವಣದೋಷವನ್ನು ಸಕಾಲದಲ್ಲಿ ಪತ್ತೆಹಚ್ಚದಿದ್ದಲ್ಲಿ ಈ ಅಮೂಲ್ಯ ಅವಧಿಯು ವ್ಯರ್ಥವಾಗುತ್ತದೆ.

4. ಪೋಷಕರು ಗಮನಿಸಬೇಕಾದ ಅಂಶಗಳು
ಅ) ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಶ್ರವಣಸಾಧನ ಅಥವಾ ಸೂಕ್ತ ಚಿಕಿತ್ಸೆಯ ಆರಂಭ ಆಗತಕ್ಕದ್ದು.
ಆ) ಶ್ರವಣದೋಷವಿರುವ ಶಿಶುವೂ ಅಳುತ್ತದೆ, ಆರಂಭದಲ್ಲಿ ದನಿಗೂಡಿಸುತ್ತದೆ. ಆದುದರಿಂದ ಮಗುವಿನ ಧ್ವನಿ ಕೇಳಿ ಶ್ರವಣಶಕ್ತಿ ಸರಿಯಿದೆಯೆಂದು ಭಾವಿಸಬಾರದು.
ಇ) ಪ್ರಾಥಮಿಕ ತಪಾಸಣೆಯನ್ನು ಶಿಶುವು ನಿದ್ರಿಸುತ್ತಿರುವಾಗಲೇ ಮಾಡಬಹುದು. ಇದರಲ್ಲಿ ಯಾವುದೇ ನೋವು ಇರುವುದಿಲ್ಲ. ಮರುತಪಾಸಣೆಗೆ ಸೂಚಿಸಿದಲ್ಲಿ ತಪ್ಪದೆ ಹಾಜರಾಗುವುದು.
ಈ) ಜೋಗುಳ ಹಾಡಲು ಸಂಗೀತಜ್ಞಾನವಾಗಲಿ, ಖರ್ಚಾಗಲಿ ಬೇಕಿಲ್ಲ. ಮನೆಮಾತಿನಲ್ಲಿಯೇ ಹಾಡಬಹುದು.

5. ಸೌಲಭ್ಯ ಪಡೆಯುವ ವಿಧಾನ
2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಗುರುತಿಸಲಾಗುವ ದೋಷಗಳಲ್ಲಿ ಜನ್ಮಜಾತ ಕಿವುಡುತನವೂ ಸೇರಿದೆ. ಹೆರಿಗೆಯಾದ ಆಸ್ಪತ್ರೆಯಲ್ಲಿ ತಪಾಸಣೆ ಆಗದಿದ್ದಲ್ಲಿ, ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ತಪಾಸಣೆ ಹಾಗೂ ಚಿಕಿತ್ಸಾ ಸೌಲಭ್ಯವಿದೆ. ತಾಯಿ ಕಾರ್ಡ್ ಮತ್ತು ಆಸ್ಪತ್ರೆಯ ಬಿಡುಗಡೆ ಪತ್ರವನ್ನು ಜೊತೆಗೆ ತರುವುದು ಅನುಕೂಲಕರ.

ಮಗುವು ಮಾತನಾಡಲಿ ಎಂದು ಕಾಯದೆ, ಮೊದಲ ತಿಂಗಳಲ್ಲಿಯೇ ತಪಾಸಣೆ ಮಾಡಿಸುವಂತೆ ಪೋಷಕರಲ್ಲಿ ಕೋರಲಾಗಿದೆ.