ಕಾಂಗ್ರೆಸ್ ಕಸ ಮತ್ತು ಮೈಯೊಳಗಿನ ಕಾವಲುಗಾರರು

ಮುಂಗಾರಿನ ಒಂದೆರಡು ಹದವಾದ ಮಳೆ ಬಿದ್ದರೆ ಸಾಕು, ಕೌಜಲಗಿಯ ಹೊಲದ ಬದುಗಳಿಂದ ಹಿಡಿದು ಗೋಕಾಕ, ಮೂಡಲಗಿ, ಹುಕ್ಕೇರಿಗಳ ರಸ್ತೆಯಂಚು, ಶಾಲೆಯ ಮೈದಾನ, ಸಂತೆಯ ಬಯಲುಗಳವರೆಗೆ ಒಂದು ಗಿಡ ಮೊಣಕಾಲೆತ್ತರ ಬೆಳೆದು ನಿಲ್ಲುತ್ತದೆ. ಗಜ್ಜರಿಯ ಎಲೆಯಂತೆ ಸೀಳುಸೀಳಾದ ಎಲೆ, ತುದಿಯಲ್ಲಿ ಸಾಬೂದಾನಿ ಚೆಲ್ಲಿದಂತೆ ಪುಟ್ಟ ಬಿಳಿಯ ಹೂಗಳು. ಪುಸ್ತಕದಲ್ಲಿ ಇದರ ಹೆಸರು ಪಾರ್ಥೇನಿಯಂ. ನಿಮಗೂ ನಮಗೂ ಇದು ಕಾಂಗ್ರೆಸ್ ಕಸ. ಬಿಳಿಯ ಹೂ ಗಾಂಧಿ ಟೋಪಿಯಂತೆ ಕಾಣುವುದರಿಂದ ಈ ಹೆಸರು ಬಂದಿತೆಂದು ಹೇಳುವವರಿದ್ದಾರೆ.

ಈ ಗಿಡ ಅಮೆರಿಕ ಖಂಡದ ಉಷ್ಣ ಪ್ರದೇಶದ್ದು. 1950ರ ದಶಕದ ಮಧ್ಯದಲ್ಲಿ ಪುಣೆಯ ಸುತ್ತ ಇದು ಹಬ್ಬುತ್ತಿರುವುದು ಗಮನಕ್ಕೆ ಬಂತು. ಆಮದು ಗೋಧಿಯೊಡನೆ ಇದರ ಬೀಜ ಬಂದಿತೆಂಬುದು ಸಾಮಾನ್ಯ ನಂಬಿಕೆ. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುವುದರಿಂದ ಪುಣೆಯಿಂದ ನಮ್ಮ ಭಾಗಕ್ಕೆ ಬರಲು ಅದಕ್ಕೆ ಬಹಳ ಕಾಲ ಹಿಡಿಯಲಿಲ್ಲ. ಬೆಳೆಗೆ ಇದರಿಂದಾಗುವ ಹಾನಿಯನ್ನು ಕೃಷಿ ಪುಟಗಳಲ್ಲಿ ಓದಿರುತ್ತೀರಿ. ಮನುಷ್ಯನ ಮೈಗೆ ಇದು ಮಾಡುವ ತೊಂದರೆಯೇ ಈ ವಾರದ ವಿಷಯ.

ಹೊಲದಿಂದ ಬಂದವರ ಕಣ್ಣಿನ ರೆಪ್ಪೆ ಊದಿಕೊಳ್ಳುತ್ತದೆ. ಮುಖ, ಕತ್ತು, ಮೊಣಕೈಯ ಒಳಮಡಿಕೆ ಕೆಂಪಾಗಿ ತುರಿಸುತ್ತವೆ, ಸಣ್ಣ ಗುಳ್ಳೆಗಳೆದ್ದು ನೀರು ಸೋರುತ್ತದೆ. ಚಳಿಗಾಲಕ್ಕೆ ತುಸು ಕಡಿಮೆಯಾಗಿ ಮರುವರ್ಷ ಮಳೆಯೊಡನೆ ಮತ್ತೆ ಬರುತ್ತದೆ. ಹೀಗೆ ನಾಲ್ಕಾರು ವರ್ಷ ಕಳೆದರೆ ಚರ್ಮ ದಪ್ಪವಾಗಿ, ಕಪ್ಪಾಗಿ, ಹಣೆಯ ಮೇಲೆ ಗೆರೆ ಗೆರೆಯಾಗಿ ಮಡಿಕೆ ಬೀಳುತ್ತದೆ. ನೋಡಿದವರು ಕುಷ್ಠವಿರಬಹುದೆಂದು ದೂರ ಸರಿಯುವುದೂ ಉಂಟು. ಇದು ಕುಷ್ಠವಲ್ಲ, ಅಂಟುರೋಗವೂ ಅಲ್ಲ. ರೋಗಿಯ ತಾಟಿನಲ್ಲಿ ಉಂಡರೆ, ಅವನ ಹಾಸಿಗೆಯಲ್ಲಿ ಮಲಗಿದರೆ ಯಾರಿಗೂ ಬರುವುದಿಲ್ಲ. ಮನೆಯವರು ಮೊದಲು ತಿಳಿಯಬೇಕಾದ ಮಾತು ಇದೇ.

ಇಂಥ ರೋಗಿಗಳು ವೈದ್ಯರ ಮುಂದೆ ಕುಳಿತು ಕೇಳುವ ಪ್ರಶ್ನೆಯೊಂದಿದೆ: “ಹತ್ತು ವರುಷ ಇದ ಕಸಾ ಕಿತ್ತೇನ್ರಿ ಸಾಹೇಬ್ರ, ಏನೂ ಆಗಿದ್ದಿಲ್ಲ. ಈಗ್ಯಾಕ ಆಗಾಕತ್ತೈತಿ?” ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹೇಳಬೇಕಾದರೆ ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯ ಒಳಹೊಕ್ಕು ನೋಡಬೇಕು.

ಊರಿಗೆ ತಳವಾರರಿದ್ದಂತೆ ಶರೀರಕ್ಕೂ ಕಾವಲುಗಾರರಿದ್ದಾರೆ. ಚರ್ಮವೇ ಕೋಟೆಗೋಡೆ. ಮೂಗಿನ ಸಿಂಬಳ, ಕಣ್ಣೀರು, ಜಠರದ ಆಮ್ಲ ಇವು ಅಗಸೆಬಾಗಿಲಲ್ಲಿ ತಡೆಯುವಂಥವು. ಇವನ್ನು ದಾಟಿ ಒಳಬಂದ ರೋಗಾಣುವನ್ನು ಬಿಳಿ ರಕ್ತಕಣಗಳಲ್ಲಿ ಕೆಲವು ಸುತ್ತುವರಿದು ನುಂಗಿಬಿಡುತ್ತವೆ. ಗಾಯದಲ್ಲಿ ತುಂಬುವ ಕೀವಿನಲ್ಲಿ ಬಹುಪಾಲು ಹೀಗೆ ಹೋರಾಡಿ ಸತ್ತ ಕಣಗಳೇ ಇರುತ್ತವೆ.

ಇವುಗಳಿಗಿಂತ ಜಾಣ ಕಾವಲುಗಾರರು ಲಿಂಫೋಸೈಟುಗಳೆಂಬ ಬಿಳಿಕಣಗಳು. ಇವಕ್ಕೆ ನೆನಪಿನ ಶಕ್ತಿಯಿದೆ. ಇವುಗಳಲ್ಲಿ ಬಿ ಕಣಗಳ ಪಡೆಯು ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಟಿ ಕಣಗಳು ತಾವೇ ಸ್ಥಳಕ್ಕೆ ಧಾವಿಸಿ ಕೆಲಸ ಮಾಡುತ್ತವೆ. ಒಮ್ಮೆ ದಡಾರ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬಾರದಿರುವುದಕ್ಕೂ, ಮಗುವಿಗೆ ಹಾಕಿಸಿದ ಲಸಿಕೆ ವರ್ಷಗಟ್ಟಲೆ ಕಾಯುವುದಕ್ಕೂ ಈ ನೆನಪೇ ಕಾರಣ.

ಕಾವಲುಗಾರನಿಗೆ ಗುರುತು ತಪ್ಪಿದರೆ? ನಿರುಪದ್ರವಿಯಾದ ಬೀಗನನ್ನೇ ಕಳ್ಳನೆಂದು ತಿಳಿದು ಬಡಿಗೆ ಎತ್ತಿದರೆ? ಅದೇ ಅಲರ್ಜಿ. ಈ ಶಬ್ದವನ್ನು 1906ರಲ್ಲಿ ಬಳಕೆಗೆ ತಂದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ತನ್ನ ಮನೆಯವರ ಮೇಲೆಯೇ ಕೈಮಾಡುವ ಕಾವಲುಗಾರರೂ ಇದ್ದಾರೆ. ಕೆಲವು ಬಗೆಯ ಸಂಧಿವಾತ, ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಇಂಥವು. ಅದೇ ಒಂದು ದೊಡ್ಡ ಕತೆ, ಇನ್ನೊಂದು ವಾರಕ್ಕಿರಲಿ.

ಈಗ ನಮ್ಮ ಕಸಕ್ಕೆ ಬರೋಣ. ಈ ಗಿಡದ ಎಲೆ, ಕಾಂಡ, ಹೂಗಳ ಮೇಲಿನ ಸೂಕ್ಷ್ಮ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಅದು ಬಹಳ ಚಿಕ್ಕ ಕಣ. ತಾನೊಂದೇ ಇದ್ದಾಗ ಕಾವಲುಗಾರರ ಕಣ್ಣಿಗೇ ಬೀಳದು. ಆದರೆ ಚರ್ಮದೊಳಗೆ ಇಳಿದು ನಮ್ಮದೇ ಪ್ರೋಟೀನಿಗೆ ಅಂಟಿಕೊಂಡಾಗ ಹೊಸ ವೇಷ ತೊಟ್ಟಂತಾಗುತ್ತದೆ. ಚರ್ಮದಲ್ಲಿ ಗಸ್ತು ತಿರುಗುವ ಕಣಗಳು ಈ ವೇಷಧಾರಿಯನ್ನು ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಟಿ ಕಣಗಳಿಗೆ ತೋರಿಸುತ್ತವೆ. ಟಿ ಕಣಗಳು ಅದನ್ನು ಶತ್ರುವೆಂದು ಬರೆದಿಟ್ಟುಕೊಂಡವೋ, ಅಂದಿಗೆ ಅಲರ್ಜಿ ಬೇರೂರಿತು.

ಈ ದಾಖಲೆ ಆಗಲು ಕೆಲವರಿಗೆ ವಾರಗಳು, ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ಅನೇಕರಿಗೆ ಜೀವಮಾನದಲ್ಲಿ ಆಗುವುದೇ ಇಲ್ಲ. ಹತ್ತು ವರ್ಷ ಏನೂ ಆಗದವರಿಗೆ ಹನ್ನೊಂದನೆಯ ವರ್ಷ ಆಗುವುದು ಹೀಗೆ. ಒಮ್ಮೆ ದಾಖಲಾದ ಮೇಲೆ ಮಾತ್ರ ಆ ಗಿಡದ ಸ್ವಲ್ಪ ಧೂಳು ಬಿದ್ದರೂ ಸಾಕು. ಅದೂ ಕೂಡಲೇ ಅಲ್ಲ, ಒಂದೆರಡು ದಿನ ಕಳೆದು ತುರಿಕೆ ಏಳುತ್ತದೆ. ಸೋಮವಾರ ಕಸ ಕಿತ್ತವರಿಗೆ ಬುಧವಾರ ಮುಖ ಊದಿದರೆ ಅವರು ಮಂಗಳವಾರ ಉಂಡ ಬದನೆಕಾಯಿಯನ್ನು ಬೈಯುತ್ತಾರೆ! ಬದನೆಕಾಯಿ ಬಿಟ್ಟು, ಶೇಂಗಾ ಬಿಟ್ಟು, ಕೊನೆಗೆ ಬರೀ ಗಂಜಿಗೆ ಇಳಿದು ಸೊರಗುವವರಿದ್ದಾರೆ. ಈ ಚರ್ಮರೋಗಕ್ಕೂ ಊಟದ ಪಥ್ಯಕ್ಕೂ ಸಂಬಂಧವಿಲ್ಲ.

ಇನ್ನೊಂದು ವಿಶೇಷ. ಗಿಡವನ್ನು ಮುಟ್ಟಲೇಬೇಕೆಂದಿಲ್ಲ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ತೇಲಿ ಬಂದು ರೆಪ್ಪೆ, ಕಿವಿಯ ಹಿಂಭಾಗ, ಗದ್ದದ ಕೆಳಗಿನ ಮಡಿಕೆಗಳಲ್ಲಿ ಕೂರುತ್ತದೆ. ಆದ್ದರಿಂದ ಹೊಲಕ್ಕೇ ಹೋಗದ ಮಾಸ್ತರರಿಗೂ, ಅಂಗಡಿಕಾರರಿಗೂ ಇದು ಬರಬಲ್ಲದು. ಭಾರತದ ಚರ್ಮತಜ್ಞರು ಕಂಡಂತೆ ಹೆಂಗಸರಿಗಿಂತ ಗಂಡಸರಲ್ಲಿ ಇದು ಹೆಚ್ಚು, ಮಕ್ಕಳಲ್ಲಿ ಅಪರೂಪ. ಸೇವಂತಿಗೆ ಇದೇ ಕುಲದ ಹೂ. ಕಾಂಗ್ರೆಸ್ ಕಸ ಒಗ್ಗದ ಕೆಲವರಿಗೆ ಅದೂ ಒಗ್ಗುವುದಿಲ್ಲ. ಹೂ ಮಾರುವವರು ಇದನ್ನು ಗಮನಿಸಬೇಕು.

ಈ ಗಿಡದ ಪರಾಗದಿಂದ ಮೂಗಿಗೂ ಉಪದ್ರವವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು ಇದನ್ನು ಅಭ್ಯಸಿಸಿದ್ದರು. ಮೂಗಿನಲ್ಲಿ ನಡೆಯುವ ಆಟ ಮಾತ್ರ ಬೇರೆ. ಅಲ್ಲಿ ಟಿ ಕಣಗಳ ನಿಧಾನದ ದಾಳಿಯಲ್ಲ, ಐಜಿಇ ಎಂಬ ಪ್ರತಿಕಾಯದ ಅವಸರದ ಕೆಲಸ. ಪರಾಗ ತಗುಲಿದ ಕೆಲವೇ ನಿಮಿಷಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಬಿಡುಗಡೆಯಾಗಿ ಸಾಲು ಸೀನು, ಮೂಗು ಸೋರುವಿಕೆ ಆರಂಭ. ಕೆಲವರಿಗೆ ಉಬ್ಬಸವೂ ಆಗುತ್ತದೆ. ಜೇನುಹುಳು ಕಡಿದಾಗ ಅಥವಾ ಒಗ್ಗದ ಔಷಧದ ಸೂಜಿ ಮಾಡಿಸಿದಾಗ ಕೆಲವರಿಗೆ ಇದೇ ಬಗೆಯ ಪ್ರತಿಕ್ರಿಯೆ ಮೈತುಂಬ ಹಬ್ಬಿ, ಗಂಟಲು ಕಟ್ಟಿ, ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು. ಆಗ ಮನೆಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಓಡಬೇಕು. ಅಡ್ರಿನಾಲಿನ್ ಸೂಜಿಯೇ ಅಲ್ಲಿ ಜೀವ ಉಳಿಸುವ ಮದ್ದು.

ಚರ್ಮದ ತೊಂದರೆ ಈ ಗಿಡದಿಂದಲೇ ಎಂದು ಖಚಿತಪಡಿಸಿಕೊಳ್ಳಲು ಪಟ್ಟಿ ಪರೀಕ್ಷೆಯಿದೆ. ಗಿಡದ ಸಾರವನ್ನು ಬೆನ್ನಿಗೆ ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ. ಇದನ್ನು ಚರ್ಮರೋಗ ತಜ್ಞರೇ ಮಾಡಬೇಕು. ಮನೆಯಲ್ಲಿ ಎಲೆ ಜಜ್ಜಿ ಕಟ್ಟಿ ನೋಡುವ ಸಾಹಸ ಬೇಡ.

ಇನ್ನು ಮದ್ದಿನ ಮಾತು. ಸ್ಟಿರಾಯ್ಡ್ ಮುಲಾಮು ಹಚ್ಚಿದ ಎರಡು ದಿನಕ್ಕೆ ಮುಖ ತಿಳಿಯಾಗುತ್ತದೆ. ಇದರಿಂದ ಆಸೆ ಹುಟ್ಟಿ ಅಂಗಡಿಯಿಂದ ತಾವೇ ಟ್ಯೂಬು ತಂದು ತಿಂಗಳುಗಟ್ಟಲೆ ತಿಕ್ಕುವವರು ಬಹಳ. ಚರ್ಮ ತೆಳ್ಳಗಾಗಿ, ಮೊಡವೆಯೆದ್ದು, ರಕ್ತನಾಳಗಳು ಕಾಣತೊಡಗುತ್ತವೆ. ಸ್ಟಿರಾಯ್ಡ್ ಗುಳಿಗೆಯದು ಇನ್ನೂ ಗಂಭೀರ. ಬಹುಕಾಲ ನುಂಗಿದರೆ ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ, ಒಮ್ಮೆಲೇ ನಿಲ್ಲಿಸಿದರೂ ಅಪಾಯ. ಹಳೆಯ, ಹಟಮಾರಿ ರೋಗಕ್ಕೆ ಅಜಥಯೋಪ್ರಿನ್ ಎಂಬ ಗುಳಿಗೆಯನ್ನು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಜ್ಞರು ಬಳಸಿ ಒಳ್ಳೆಯ ಫಲ ಕಂಡಿದ್ದಾರೆ. ಅದು ಕಾವಲುಗಾರರ ಕೈಯನ್ನೇ ಕಟ್ಟಿಹಾಕುವ ಮದ್ದು. ನಿಜವಾದ ಕಳ್ಳ ಬಂದಾಗಲೂ ಕೈ ಕಟ್ಟಿಯೇ ಇರುತ್ತದೆಯಷ್ಟೆ! ಆದ್ದರಿಂದ ಆಗಾಗ ರಕ್ತಪರೀಕ್ಷೆ ಮಾಡಿಸುತ್ತ, ವೈದ್ಯರ ಕಣ್ಣಳತೆಯಲ್ಲೇ ತೆಗೆದುಕೊಳ್ಳಬೇಕು.

ಮದ್ದಿಗಿಂತ ಗಿಡದಿಂದ ದೂರವಿರುವುದು ಲೇಸು ಎನ್ನುವುದು ಸುಲಭ. ಹೊಲವೇ ಅನ್ನವಾದವರಿಗೆ ಹಾಗೆ ಹೇಳಿ ಕೈತೊಳೆದುಕೊಳ್ಳಲಾಗದು. ಅಲರ್ಜಿ ಇರುವವರು ಈ ಕಸ ಕೀಳುವ ಕೆಲಸವನ್ನಾದರೂ ಮನೆಯ ಬೇರೊಬ್ಬರಿಗೆ ಬಿಡಲಿ. ಉಳಿದವರೂ ಕೈಗವಸು ಹಾಕಿ, ತುಂಬುತೋಳಿನ ಅಂಗಿ ತೊಟ್ಟು, ಮೂಗು ಬಾಯಿಗೆ ಬಟ್ಟೆ ಕಟ್ಟಿ, ಹೂ ಬಿಡುವ ಮೊದಲೇ ಹಸಿನೆಲದಲ್ಲಿ ಬೇರುಸಹಿತ ಕೀಳಬೇಕು. ಹೂ ಬಿಡದ ಗಿಡವನ್ನು ಗುಂಡಿಗೆ ಹಾಕಿದರೆ ಗೊಬ್ಬರವಾಗುತ್ತದೆ.

ಊರಿಗೆಲ್ಲ ಉಪಯೋಗವಾಗುವ ದಾರಿಗಳೂ ಇವೆ. ಮೆಕ್ಸಿಕೋದಿಂದ ತಂದ ಒಂದು ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಮೊದಲು ಬಿಡಲಾಯಿತು. ಬಿಳಿಮಾಸಲು ಬೆನ್ನಿನ ಮೇಲೆ ಕಂದು ಗೆರೆಗಳಿರುವ ಈ ಹುಳು ಮಳೆಗಾಲದಲ್ಲಿ ಕಾಂಗ್ರೆಸ್ ಕಸದ ಎಲೆಗಳನ್ನು ಬೋಳು ಮಾಡುತ್ತದೆ, ಬೇಸಿಗೆಯಲ್ಲಿ ಮಣ್ಣಿನೊಳಗೆ ಅಡಗುತ್ತದೆ. ಕಂಡರೆ ಕೊಲ್ಲಬೇಡಿ. ಬೀಳು ಜಾಗದಲ್ಲಿ ಮಳೆಗೆ ಮುಂಚೆ ತಗಚೆ ಬೀಜ ಎರಚಿದರೆ ಅದು ಎದ್ದು ಕಸವನ್ನು ಅಮುಕುತ್ತದೆ.

ಹೊಲದಿಂದ ಬಂದೊಡನೆ ಕೈಕಾಲು ಮುಖವನ್ನು ಸಾಬೂನಿನಿಂದ ತೊಳೆಯಿರಿ. ಬಟ್ಟೆಯನ್ನು ಮನೆಯೊಳಗೆ ಕೊಡವದೆ ಬೇರೆಯಾಗಿಯೇ ಒಗೆಯಿರಿ. ಒಗೆದದ್ದನ್ನು ಆ ಗಿಡ ಬೆಳೆದ ಹಿತ್ತಿಲಲ್ಲಿ ಮಾತ್ರ ಒಣಹಾಕಬೇಡಿ.