ಕಡಲ ಕೋಟೆಗೆ ಹೊರಡುವ ಮುನ್ನ ತಿಥಿ ನೋಡಿ

ಪುಣೆಯ ಹಡಪಸರದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಸೊಲ್ಲಾಪುರ ರಸ್ತೆ ಹಿಡಿದು ಬಂದ ಕಲಬುರಗಿ, ವಿಜಯಪುರ, ಬೀದರ ಕಡೆಯವರು ಬಹಳ. ಮಗರಪಟ್ಟಾದ ಕಚೇರಿಗಳಿಗಾಗಿ ಬಂದ ಬೆಂಗಳೂರು, ಹುಬ್ಬಳ್ಳಿಯವರೂ ಇದ್ದಾರೆ. ಮಕ್ಕಳಿಗೆ ರಜೆ ಬಂತೆಂದರೆ ಇವರ ಪಾಲಿಗೆ ಹತ್ತಿರದ ಕಡಲು ಗೋಕರ್ಣದ್ದಲ್ಲ, ರಾಯಗಡ ಜಿಲ್ಲೆಯದು: ಅಲಿಬಾಗ್, ರೇವದಂಡಾ, ಮುರುಡ್, ಶ್ರೀವರ್ಧನ. ಯೋಜನೆ ಹಾಕುವ ಕ್ರಮ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಮೊದಲು ರಜೆಯ ದಿನ ಗೊತ್ತುಮಾಡುತ್ತಾರೆ, ಆಮೇಲೆ ರೂಮು ಬುಕ್ ಮಾಡುತ್ತಾರೆ, ಕೊನೆಗೆ ನೋಡುವ ಜಾಗಗಳ ಪಟ್ಟಿ ಬರೆಯುತ್ತಾರೆ. ಕಡಲಿನ ಕಡೆಯಿಂದ ಏನನ್ನೂ ವಿಚಾರಿಸುವುದಿಲ್ಲ, ಏಕೆಂದರೆ ಕಡಲು ಯಾವಾಗ ಹೋದರೂ ಅಲ್ಲೇ ಇರುತ್ತದೆ ಎಂಬ ನಂಬಿಕೆ ನಮ್ಮದು. ಈ ದಡದ ಮಟ್ಟಿಗೆ ಇದಕ್ಕಿಂತ ದೊಡ್ಡ ತಪ್ಪು ಕಲ್ಪನೆ ಇಲ್ಲ. ಇಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಬೆಳಗ್ಗೆ ನಡೆದುಹೋದ ಜಾಗದಲ್ಲಿ ಮಧ್ಯಾಹ್ನ ದೋಣಿ ತೇಲುತ್ತಿರುತ್ತದೆ. ಈ ಕರಾವಳಿಯ ಇತಿಹಾಸವೂ ಅದರ ಅಪಾಯವೂ ಇದೇ ಏರಿಳಿತಕ್ಕೆ ಕಟ್ಟುಬಿದ್ದಿವೆ. ಆದ್ದರಿಂದ ಮಕ್ಕಳೊಂದಿಗೆ ಹೋಗುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನೀರಿನ ವೇಳೆಯನ್ನು. ರೂಮು ಆಮೇಲಿನ ಮಾತು.

ಅಲಿಬಾಗಿನ ಕೊಲಾಬಾ ಕೋಟೆಯನ್ನೇ ತೆಗೆದುಕೊಳ್ಳಿ. ದಡದಿಂದ ಒಂದೆರಡು ಕಿಲೋಮೀಟರ್ ಒಳಗೆ ಬಂಡೆಯ ಮೇಲೆ ನಿಂತಿರುವ ಕೋಟೆ. ಶಿವಾಜಿ ಮಹಾರಾಜರ ಕೊನೆಯ ದಿನಗಳಲ್ಲಿ ಕೆಲಸ ಶುರುವಾಗಿ ಸಂಭಾಜಿ ಕಾಲಕ್ಕೆ ಮುಗಿಯಿತು. ಮುಂದೆ ಅದು ಮರಾಠಾ ನೌಕಾನಾಯಕ ಕಾನ್ಹೋಜಿ ಆಂಗ್ರೆಯ ನೌಕಾಬಲದ ನೆಲೆಯಾಯಿತು. ಇಳಿತದ ಹೊತ್ತಿನಲ್ಲಿ ಅಲ್ಲಿಗೆ ಒದ್ದೆ ಮರಳಿನ ಮೇಲೆ ನಡೆದೇ ಹೋಗಬಹುದು, ಕುದುರೆಗಾಡಿಯೂ ಸಿಗುತ್ತದೆ. ಉಬ್ಬರ ಬಂದಾಗ ಅದು ಪೂರ್ತಿ ದ್ವೀಪ. ಪ್ರವಾಸಿಗೆ ಇದೊಂದು ತೊಡಕಾಗಿ ಕಾಣಬಹುದು, ಕಟ್ಟಿದವರಿಗೆ ಇದೇ ರಕ್ಷಣೆಯಾಗಿತ್ತು. ಕಾಲಾಳು ಪಡೆ ಮುತ್ತಿಗೆ ಹಾಕಬೇಕೆಂದರೆ ಅದಕ್ಕೆ ಸಿಗುತ್ತಿದ್ದುದು ಕೆಲವೇ ಗಂಟೆ; ಹಡಗು ತರಬೇಕೆಂದರೆ ಇಳಿತದಲ್ಲಿ ಬಂಡೆಗೂ ಮರಳಿಗೂ ತಳ ತಾಗುವ ಭಯ. 1721ರಲ್ಲಿ ಇಂಗ್ಲಿಷರೂ ಪೋರ್ಚುಗೀಸರೂ ಕೂಡಿ ಈ ನೆಲೆಯ ಮೇಲೆ ಬಿದ್ದು ಸೋತು ಮರಳಿದರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಜಾಗದ ಗುಣ ಏನೆಂಬುದು ಆ ಮರಳಿನ ಮೇಲೆ ನಡೆದ ಮಗುವಿಗೂ ಅರ್ಥವಾಗುತ್ತದೆ. ಪುಸ್ತಕದಲ್ಲಿ ಜಲದುರ್ಗ ಎಂದು ಉರು ಹೊಡೆದದ್ದು ಇಲ್ಲಿ ಕಾಲಿಗೆ ತಾಗುತ್ತದೆ. ನೀರಿನ ವೇಳೆ ನೋಡದೆ ಮಧ್ಯಾಹ್ನ ಬಂದಿಳಿದ ಕುಟುಂಬ ದಡದಲ್ಲಿ ನಿಂತು ದೂರದಿಂದ ಫೋಟೊ ತೆಗೆದುಕೊಂಡು ಹೋಗಬೇಕಾಗುತ್ತದೆ.

ನೀರು ನಿಧಾನವಾಗಿ ಏರುತ್ತದೆ, ಕಂಡ ಕೂಡಲೇ ಹಿಂದಿರುಗಿದರಾಯಿತು ಎಂಬುದು ಎರಡನೆಯ ನಂಬಿಕೆ. ಮಲ್ಪೆ, ಮುರುಡೇಶ್ವರ, ಕಾರವಾರದ ಸಮುದ್ರ ಕಂಡವರಲ್ಲಿ ಇದು ಇನ್ನೂ ಗಟ್ಟಿ. ಅವರ ಅನುಭವ ಸುಳ್ಳಲ್ಲ, ಆದರೆ ಅದು ಆ ದಡದ ಅನುಭವ. ಪಶ್ಚಿಮ ಕರಾವಳಿಯಲ್ಲಿ ತೆಂಕಣದಿಂದ ಬಡಗಣಕ್ಕೆ ಹೋದಂತೆ ಉಬ್ಬರ ಇಳಿತಗಳ ಅಂತರ ಹೆಚ್ಚುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಕಾರವಾರದಲ್ಲಿ ಈ ಅಂತರ ಹೆಚ್ಚೆಂದರೆ ಎರಡು ಮೀಟರಿನ ಸುಮಾರು, ಮಂಗಳೂರಿನಲ್ಲಿ ಇನ್ನೂ ಕಡಿಮೆ. ಮುಂಬೈ, ಅಲಿಬಾಗ್ ಕಡೆ ಅದು ನಾಲ್ಕು ಮೀಟರ್ ಮುಟ್ಟುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಂತೂ ಹತ್ತು ಮೀಟರ್ ದಾಟುತ್ತದೆ. ಈ ಏರಿಕೆ ಸಮನಾಗಿಯೂ ಇರುವುದಿಲ್ಲ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ ಹಿಡಿಯುತ್ತದೆ. ನಾವಿಕರ ಹಳೆಯ ಲೆಕ್ಕದಂತೆ ಮೊದಲ ಗಂಟೆಯಲ್ಲಿ ಏರುವುದು ಒಟ್ಟು ಅಂತರದ ಹನ್ನೆರಡನೆಯ ಒಂದು ಪಾಲು, ಎರಡನೆಯ ಗಂಟೆಯಲ್ಲಿ ಎರಡು ಪಾಲು, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ಮೂರು ಪಾಲು. ಆಮೇಲೆ ಮತ್ತೆ ಎರಡು, ಒಂದು. ಅಂತರ ನಾಲ್ಕು ಮೀಟರ್ ಇದ್ದ ದಿನ ಮೂರನೆಯ ಗಂಟೆಯೊಂದರಲ್ಲೇ ನೀರು ಒಂದು ಮೀಟರ್ ಏರುತ್ತದೆ ಎಂದಾಯಿತು. ನಾಲ್ಕು ವರ್ಷದ ಮಗುವಿನ ಎತ್ತರ ಅಷ್ಟೇ. ಮೊದಲ ಗಂಟೆಯ ನಿಧಾನ ಕಂಡು ಧೈರ್ಯ ತಂದುಕೊಂಡವರು ಮೋಸ ಹೋಗುವುದು ಇಲ್ಲೇ. ಮರಳು ಸಮತಟ್ಟಾಗಿಯೂ ಇರುವುದಿಲ್ಲ; ನಮ್ಮ ಬೆನ್ನಿಗೆ, ದಡದ ಕಡೆ ಇರುವ ತಗ್ಗು ಮೊದಲು ತುಂಬಿಕೊಳ್ಳುವುದುಂಟು. ಹಾಗಾಗಿ ಇಳಿತದ ಗಳಿಗೆಗೆ ಒಂದೂವರೆ ಗಂಟೆ ಮುಂಚೆ ದಡ ಬಿಟ್ಟು, ಆ ಗಳಿಗೆ ಕಳೆದ ಒಂದು ಗಂಟೆಯೊಳಗೆ ದಡಕ್ಕೆ ಮರಳಿರಬೇಕು. ಮಕ್ಕಳ ನಡಿಗೆಗೆ ಇದಕ್ಕಿಂತ ಸಡಿಲ ಲೆಕ್ಕ ಬೇಡ.

ಆ ಗಳಿಗೆಯನ್ನು ತಿಳಿಯುವುದು ಹೇಗೆ? ಗೋಡೆಗೆ ತೂಗುಹಾಕಿರುವ ಕ್ಯಾಲೆಂಡರಿನಲ್ಲೇ ಅದು ಇದೆ. ಕೊಂಕಣದ ಕೋಳಿ ಸಮುದಾಯದ ಮೀನುಗಾರರು ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸುತ್ತಾರೆ. ಬಂದದ್ದು ಭರತಿಯ, ಅಂದರೆ ಉಬ್ಬರದ ವೇಳೆ. ಅಷ್ಟಮಿಯಾದರೆ ಎಂಟರ ಮುಕ್ಕಾಲು ಆರು; ಬೆಳಗ್ಗೆ ಆರಕ್ಕೂ ಸಂಜೆ ಆರು ಕಳೆದು ಸ್ವಲ್ಪ ಹೊತ್ತಿಗೂ ಉಬ್ಬರ, ನಡುವೆ ಹನ್ನೆರಡೂಕಾಲರ ಸುಮಾರಿಗೆ ಇಳಿತ. ಚೌತಿಯಾದರೆ ಮೂರು ಗಂಟೆಗೆ ಉಬ್ಬರ, ಬೆಳಗ್ಗೆ ಒಂಬತ್ತೂಕಾಲಕ್ಕೆ ಇಳಿತ. ಶುಕ್ಲಪಕ್ಷಕ್ಕೂ ಕೃಷ್ಣಪಕ್ಷಕ್ಕೂ ಲೆಕ್ಕ ಒಂದೇ. ಇದು ಹಳಬರ ಮೂಢನಂಬಿಕೆ, ವಿಜ್ಞಾನ ಓದಿದವರು ಪಂಚಾಂಗ ನೋಡಿ ಪ್ರವಾಸ ಹೋಗುವುದೇ ಎಂದು ಕೇಳುವವರಿದ್ದಾರೆ. ತಿಥಿಯೆಂದರೆ ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ಮುಂದೆ ಸರಿಯುವ ಅವಧಿ; ಶುದ್ಧ ಖಗೋಳ ಗಣಿತ. ಕಡಲನ್ನು ಎಳೆಯುವುದೂ ಅದೇ ಚಂದ್ರ ಮತ್ತು ಸೂರ್ಯ. ಚಂದ್ರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಹುಟ್ಟುತ್ತಾನೆ, ಉಬ್ಬರವೂ ಅಷ್ಟೇ ತಡವಾಗುತ್ತದೆ. ಮುಕ್ಕಾಲು ಗಂಟೆಯೆಂಬುದು ಅದರ ಒರಟು ರೂಪ. ಒರಟು ಎಂಬುದನ್ನು ಮರೆಯಬಾರದು: ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆಯಷ್ಟೂ ವ್ಯತ್ಯಾಸ ಬರಬಹುದು. ದಿನ ಆರಿಸುವುದಕ್ಕೆ ಮುಕ್ಕಾಲರ ಲೆಕ್ಕ ಸಾಕು. ಮರಳಿಗೆ ಇಳಿಯುವುದಕ್ಕೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಪ್ರಕಟಿಸುವ ಉಬ್ಬರವಿಳಿತದ ಪಟ್ಟಿಯನ್ನು ನೋಡಿ, ದಡದಲ್ಲಿರುವ ಗಾಡಿಯವರನ್ನೋ ಮೀನುಗಾರರನ್ನೋ ಕೇಳಲೇಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಅಷ್ಟಮಿಯ ಆಸುಪಾಸಿನಲ್ಲಿ ಅಂತರವೇ ಕಡಿಮೆಯಾಗಿ ಇಳಿತದಲ್ಲೂ ನೀರು ಪೂರ್ತಿ ಹಿಂದೆ ಸರಿಯುವುದಿಲ್ಲ. ಅಂತರ ಅತಿ ಹೆಚ್ಚಾಗುವುದು ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ. ಹೀಗಾಗಿ ಕೊಲಾಬಾಕ್ಕೆ ಮಕ್ಕಳೊಂದಿಗೆ ನಡೆಯಲು ತದಿಗೆ, ಚೌತಿ, ಪಂಚಮಿಯ ಬೆಳಗು ಹೇಳಿ ಮಾಡಿಸಿದ್ದು: ನೀರು ಚೆನ್ನಾಗಿ ಇಳಿದಿರುತ್ತದೆ, ಬಿಸಿಲೂ ಏರಿರುವುದಿಲ್ಲ. ಸಂಕಷ್ಟಿ ಮಾಡುವ ಮನೆಗಳಿಗೆ ಆ ದಿನ ಹುಡುಕುವ ಶ್ರಮವೂ ಇಲ್ಲ, ಕೋಟೆಯೊಳಗೆ ಗಣಪತಿಯ ಗುಡಿಯೇ ಇದೆ.

ಕಡಲು ಅಪಾಯಕಾರಿಯಾಗುವುದು ಮಳೆಗಾಲದಲ್ಲಿ ಮಾತ್ರ ಎಂಬ ನಂಬಿಕೆಯನ್ನು ಪುಣೆಯವರು ಇಟ್ಟುಕೊಳ್ಳಲೇಬಾರದು. 2016ರ ಫೆಬ್ರವರಿ 1ರಂದು ಮುರುಡ್ ದಡದಲ್ಲಿ ಮುಳುಗಿ ಪ್ರಾಣ ಕಳೆದುಕೊಂಡ 14 ವಿದ್ಯಾರ್ಥಿಗಳು ಪುಣೆಯ ಕಾಲೇಜಿನಿಂದ ಹೋದವರು. ಅದು ಮಳೆಯ ತಿಂಗಳಲ್ಲ, ಪ್ರವಾಸದ ತಿಂಗಳು. ನಮ್ಮ ಮುರುಡೇಶ್ವರದಲ್ಲಿ 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಮಳೆಗಾಲದಲ್ಲಿ ಕಡಲು ಅಬ್ಬರಿಸಿ ತಾನೇ ಎಚ್ಚರಿಸುತ್ತದೆ. ಚಳಿಗಾಲದಲ್ಲಿ ಆ ಎಚ್ಚರಿಕೆಯೂ ಇರುವುದಿಲ್ಲ. ಅಲೆ ಕಡಿಮೆ ಇರುವ ಕಡೆ ಮಕ್ಕಳನ್ನು ಇಳಿಸುವ ಅಭ್ಯಾಸವಂತೂ ತಿರುಗುಮುರುಗು ಲೆಕ್ಕ. ದಡಕ್ಕೆ ಬಂದ ನೀರು ಎಲ್ಲಿಂದಲಾದರೂ ಹಿಂದಕ್ಕೆ ಹೋಗಲೇಬೇಕಲ್ಲ. ಅದು ಒಂದು ಕಿರಿದಾದ ದಾರಿ ಮಾಡಿಕೊಂಡು ರಭಸವಾಗಿ ಒಳಕ್ಕೆ ಹರಿಯುತ್ತದೆ. ಆ ದಾರಿಯಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಇರುವುದಿಲ್ಲ, ನೀರು ಅಕ್ಕಪಕ್ಕಕ್ಕಿಂತ ಕಪ್ಪಗೆ ಶಾಂತವಾಗಿ ಕಾಣುತ್ತದೆ. ಮಗುವಿಗೆ ಸುರಕ್ಷಿತವೆಂದು ತಂದೆತಾಯಿ ಆರಿಸುವುದು ಅದನ್ನೇ. ಸಿಕ್ಕಿಕೊಂಡವರು ದಡದ ಕಡೆಗೆ ಈಜಾಡಿ ಸುಸ್ತಾಗಬಾರದು. ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಸರಿದು ಆ ಹರಿವಿನಿಂದ ಹೊರಬರಬೇಕು. ಶ್ರೀವರ್ಧನದ ಬಳಿಯ ಹರಿಹರೇಶ್ವರದಲ್ಲಿ ಗುಡಿಯ ಹಿಂದೆ ಬಂಡೆಗಳ ಮೇಲೆ ಹಾಯುವ ಪ್ರದಕ್ಷಿಣೆಯ ಹಾದಿಗೂ ಇದೇ ಎಚ್ಚರಿಕೆ. ಇಳಿತದಲ್ಲಿ ಮಾತ್ರ ಅದು ಹಾದಿ, ಉಬ್ಬರದಲ್ಲಿ ಅದು ಕಡಲು. ಬಂದ ಮೇಲೆ ಪ್ರದಕ್ಷಿಣೆ ಬಿಡಬಾರದು ಎನ್ನುವ ಹಿರಿಯರಿಗೆ ಹೇಳಬೇಕಾದದ್ದು ಇಷ್ಟೇ: ಗುಡಿಯೊಳಗೆ ಕೈಮುಗಿದರೂ ದೇವರಿಗೆ ಸಲ್ಲುತ್ತದೆ.

ಮಕ್ಕಳಿಗೆ ಕೋಟೆ ಬೇಜಾರು, ಈಜುಕೊಳವಿರುವ ರೆಸಾರ್ಟು ಸಾಕು ಎನ್ನುವವರಿಗೂ ಉತ್ತರ ಹೇಳಬೇಕು. ಮಕ್ಕಳಿಗೆ ಬೇಜಾರು ತರುವುದು ನಾವು ಒಪ್ಪಿಸುವ ಇಸವಿಗಳ ಪಟ್ಟಿ, ಕೋಟೆಯಲ್ಲ. ಮುರುಡ್ ಬಳಿಯ ರಾಜಪುರಿಯಿಂದ ಹಾಯಿದೋಣಿಯಲ್ಲಿ ಜಂಜಿರಾ ಜಲದುರ್ಗಕ್ಕೆ ಹೋಗುವಾಗ ಕೋಟೆಯ ಬಾಗಿಲು ತೀರ ಸಮೀಪಕ್ಕೆ ಬರುವವರೆಗೂ ಕಾಣಿಸುವುದಿಲ್ಲ. ಎಲ್ಲಿದೆ ಹುಡುಕು ಎಂದರೆ ಸಾಕು, ಏಳು ವರ್ಷದ ಮಗು ಕಣ್ಣು ಕೀಳುವುದಿಲ್ಲ. ಬಾಗಿಲ ಬಳಿಯ ಕಲ್ಲಿನಲ್ಲಿ ಹುಲಿಯಂಥ ಮೃಗವೊಂದು ಆನೆಗಳನ್ನು ಪಂಜದಲ್ಲಿ ಹಿಡಿದಿದೆ. ಎಷ್ಟು ಆನೆ ಎಂದು ಎಣಿಸಲು ಬಿಡಿ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಗಂಡಭೇರುಂಡ ಆನೆಗಳನ್ನು ಹಿಡಿದಿರುವುದನ್ನು ಆಮೇಲೆ ತೋರಿಸಬಹುದು. ಸುತ್ತ ಉಪ್ಪುನೀರಿದ್ದರೂ ಕೋಟೆಯೊಳಗಿನ ದೊಡ್ಡ ಕೆರೆಯಲ್ಲಿ ಸಿಹಿನೀರು ಹೇಗೆ ಎಂಬ ಪ್ರಶ್ನೆಯನ್ನು ಅವರೇ ಕೇಳುತ್ತಾರೆ. ಮರಾಠರು, ಪೋರ್ಚುಗೀಸರು ಗೆಲ್ಲಲಾಗದ ಈ ಕೋಟೆಯನ್ನು ಆಳಿದವರು ಆಫ್ರಿಕಾ ಮೂಲದ ಸಿದ್ದಿಗಳು. ಅವರ ಸಂಸ್ಥಾನ ಭಾರತದಲ್ಲಿ ಸೇರಿದ್ದು 1948ರಲ್ಲಿ. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಕನ್ನಡ, ಕೊಂಕಣಿ ಮಾತಾಡುವ ಸಿದ್ದಿಗಳಿರುವುದನ್ನು ಬಲ್ಲ ಕನ್ನಡ ಮಗುವಿಗೆ, ಆಫ್ರಿಕಾದಿಂದ ಬಂದವರು ಒಂದು ಕಡೆ ನವಾಬರಾದರು, ಇನ್ನೊಂದು ಕಡೆ ಗುಲಾಮಗಿರಿ ತಪ್ಪಿಸಿಕೊಂಡು ಕಾಡು ಸೇರಿದರು ಎಂಬುದು ಯಾವ ಪಾಠಕ್ಕಿಂತ ದೊಡ್ಡ ಪಾಠ. ಇದು ಮಹಾರಾಷ್ಟ್ರದ ಇತಿಹಾಸ, ನಮಗೇನು ಎನ್ನುವವರಿಗೆ 1665ರ ಫೆಬ್ರವರಿ ನೆನಪಿರಲಿ: ಶಿವಾಜಿ ಮಹಾರಾಜರು ಇದೇ ಕಡಲಿನಲ್ಲಿ ಹಡಗು ನಡೆಸಿಕೊಂಡು ಬಸ್ರೂರಿಗೆ ಬಂದು, ಮರಳುವಾಗ ಗೋಕರ್ಣದಲ್ಲಿ ಇಳಿದಿದ್ದರು. ಇನ್ನು ಮರಳಾಟವೇ ಬೇಕೆಂಬ ಪುಟ್ಟ ಮಕ್ಕಳಿಗೂ ಇಳಿತವೇ ಒಳ್ಳೆಯ ಹೊತ್ತು. ನೀರು ಸರಿದ ಮರಳಿನಲ್ಲಿ ಬಟಾಣಿಗಿಂತ ಚಿಕ್ಕ ಏಡಿಗಳು ಬಿಲದಿಂದ ಹೊರಬಂದು, ಮರಳಿನಲ್ಲಿರುವ ಆಹಾರವನ್ನು ಸೋಸಿ ತಿಂದು, ಉಳಿದದ್ದನ್ನು ಗೋಲಿ ಮಾಡಿ ಹಿಂದಕ್ಕೆ ಎಸೆಯುತ್ತವೆ. ಗೋಲಿಗಳ ಸಾಲು ಬಿಲದ ಸುತ್ತ ರಂಗೋಲಿಯಂತೆ ಹರಡುತ್ತದೆ. ಹೆಜ್ಜೆ ಸದ್ದಾದರೆ ಏಡಿ ಮಾಯ. ಅಲುಗಾಡದೆ ಕುಳಿತರೆ ಎರಡು ನಿಮಿಷಕ್ಕೆ ಮತ್ತೆ ಹಾಜರು.

ದಾರಿಯ ವಿಷಯಕ್ಕೆ ಬಂದರೆ, ಅಲಿಬಾಗ್ ನೂರೈವತ್ತು ಕಿಲೋಮೀಟರ್ ಚಿಲ್ಲರೆ, ಮೂರು ಗಂಟೆಯ ಹಾದಿ ಎಂಬ ಮಾತು ಪುಣೆಯ ಪಶ್ಚಿಮ ಭಾಗದ ಕೋಥರೂಡಿನವರಿಗೆ ಒಪ್ಪಬಹುದು. ಹಡಪಸರ ಊರಿನ ಪೂರ್ವದ ತುದಿ, ಕಡಲು ಪಶ್ಚಿಮಕ್ಕೆ. ಗಾಡೀತಳದ ದಟ್ಟಣೆ ದಾಟಿ ಊರ ಆಚೆ ಬೀಳುವುದಕ್ಕೇ ಒಂದು ಗಂಟೆ ಬೇಕು. ಬೆಳಗ್ಗೆ ಐದಕ್ಕೆ ಹೊರಟು ಒಂಬತ್ತರ ಇಳಿತ ಹಿಡಿಯುತ್ತೇವೆಂಬ ಲೆಕ್ಕ ಮಕ್ಕಳಿರುವ ಕಾರಿಗೆ ಕೂಡಿಬರುವುದಿಲ್ಲ. ಹಿಂದಿನ ದಿನವೇ ಹೋಗಿ ಉಳಿಯುವುದು ಲೇಸು. ತಾಮ್ಹಿಣಿ ಘಾಟಿನಲ್ಲಿ ಇಳಿಯುವವರು ಮಗು ಸುಮ್ಮನಿರಲಿ ಎಂದು ಮೊಬೈಲ್ ಕೊಡುತ್ತಾರೆ, ಐದು ತಿರುವಿಗೆ ವಾಂತಿ ಶುರು. ಕಣ್ಣು ನಿಂತ ಪರದೆಯನ್ನು ನೋಡುತ್ತಿದ್ದರೆ ಕಿವಿಯೊಳಗಿನ ಸಮತೋಲನದ ಅಂಗ ತಿರುವನ್ನು ಹೇಳುತ್ತಿರುತ್ತದೆ. ಈ ಎರಡರ ಜಗಳವೇ ಆ ಸಂಕಟ. ಎರಡರಿಂದ ಹನ್ನೆರಡು ವರ್ಷದವರಿಗೆ ಅದು ಹೆಚ್ಚು. ದೂರದ ಬೆಟ್ಟ ನೋಡಲು ಹೇಳಿ, ಹೊಟ್ಟೆಗೆ ಹಗುರವಾದದ್ದು ಕೊಡಿ.

ಶಾಲೆ, ಕಚೇರಿ ಕೊಟ್ಟ ರಜೆಗೆ ತಿಥಿ ಹೊಂದದಿದ್ದರೆ ಏನು ಮಾಡುವುದು ಎಂಬ ಆಕ್ಷೇಪಣೆ ನ್ಯಾಯವಾದದ್ದು. ದಿನ ಬದಲಿಸಲಾಗದಿದ್ದರೆ ಜಾಗ ಬದಲಿಸಬಹುದು. ನಡೆಯುವ ಹೊತ್ತಿಗೆ ಉಬ್ಬರ ಬಿದ್ದರೆ ಕೊಲಾಬಾ ಬಿಟ್ಟು ರೇವದಂಡಾದ ಖಾಡಿಯಾಚೆ ಕೊರ್ಲಾಯಿಗೆ ಹೋಗಿ. ಆ ಕೋಟೆ ಗುಡ್ಡದ ಮೇಲಿದೆ, ಹತ್ತಲು ನೀರಿನ ಅಪ್ಪಣೆ ಬೇಡ. ಪೋರ್ಚುಗೀಸರು 1740ರಲ್ಲಿ ಇಲ್ಲಿಂದ ಕಾಲ್ತೆಗೆದರು, ಆದರೆ ಕೆಳಗಿನ ಊರಿನ ಕ್ರೈಸ್ತ ಮನೆಗಳಲ್ಲಿ ಪೋರ್ಚುಗೀಸ್ ಬೆರೆತ ಭಾಷೆ ಇಂದಿಗೂ ಮನೆಮಾತು, ಸುತ್ತೆಲ್ಲ ಮರಾಠಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡುವ ಹಡಪಸರದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೀಪಸ್ತಂಭದ ಕಡೆಯಿಂದ ಮೆಟ್ಟಿಲುಗಳಿವೆ, ಮೇಲೆ ನೆರಳು ಕಡಿಮೆ; ನೀರಿನ ಬಾಟಲಿ, ಟೋಪಿ ಹಿಡಿದು ಹತ್ತು ಗಂಟೆಯೊಳಗೆ ಹತ್ತಿ ಇಳಿದುಬಿಡಿ.