‘ಮಲೇರಿಯ’ ಶಬ್ದವೂ ಕೆಟ್ಟ ಗಾಳಿಯೂ

ಕಾರ್ಕಳದ ಪೂರ್ವಕ್ಕೆ ಘಟ್ಟವನ್ನೂ ಕಾಪುವಿನ ಪಶ್ಚಿಮಕ್ಕೆ ಕಡಲನ್ನೂ ಉಳ್ಳ ಉಡುಪಿಯ ಸೀಮೆಯಲ್ಲಿ ‘ಮಲೇರಿಯ’ ಎಂಬ ಮಾತನ್ನು ಕೇಳಿದವನಿಗೆ ‘ಮಲೆ’ ಎಂಬ ದೇಶ್ಯಪದವು ನೆನಪಾಗುವುದು ಸಹಜವೇ. ಮಲೆಯ ಜ್ವರವೇ ಮಲೇರಿಯ ಎಂದು ನಿರ್ವಚನ ಹೇಳಿಬಿಡಬಹುದು. ಕಾಡುಸೀಮೆಯ ಚಳಿಜ್ವರದ ಅನುಭವವೂ ಅದಕ್ಕೆ ಒತ್ತಾಸೆಯಾಗುವುದು. ಆದರೆ ಇದು ಕೇವಲ ಧ್ವನಿಸಾಮ್ಯದಿಂದ ಹುಟ್ಟುವ ಭ್ರಮೆ. ಶಬ್ದವು ಇಟಲಿಯದು: ‘ಮಾಲ’ ಎಂದರೆ ಕೆಟ್ಟ, ‘ಆರಿಯ’ ಎಂದರೆ ಗಾಳಿ. ರೋಮಿನ ಸುತ್ತಣ ಜೌಗುನೆಲದಿಂದೇಳುವ ದುರ್ವಾಯುವೇ ಬೇಸಗೆಯ ಜ್ವರಕ್ಕೆ ಕಾರಣವೆಂದು ಅಲ್ಲಿಯವರು ನಂಬಿದ್ದರು. ಹೊರೇಸ್ ವಾಲ್ಪೋಲನು 1740ರಲ್ಲಿ ಬರೆದ ಕಾಗದದಲ್ಲಿ ಈ ಮಾತು ಗಾಳಿಯ ಹೆಸರಾಗಿಯೇ ಬಂದಿದೆ. ಅದು ರೋಗದ ಹೆಸರಾದುದು ಅನಂತರ.

ಇದೇ ಅರ್ಥದಲ್ಲಿ ಯೂರೋಪಿನ ವೈದ್ಯರು ಬಳಸಿದ ‘ಮಿಯಾಸ್ಮ’ ಎಂಬ ಗ್ರೀಕ್ ಶಬ್ದದ ಕಥೆ ಇನ್ನೂ ಸ್ವಾರಸ್ಯವಾದುದು. ಮೂಲದಲ್ಲಿ ಅದಕ್ಕೆ ಗಾಳಿಯ ಸಂಬಂಧವೇ ಇಲ್ಲ. ಅದರ ಧಾತುವಿಗೆ ಕಲೆಹತ್ತಿಸು ಎಂದರ್ಥ. ಕೊಲೆ ಮೊದಲಾದವುಗಳಿಂದ ಅಂಟುವ ಅಶುದ್ಧಿಗೆ ಆ ಹೆಸರು. ಕನ್ನಡದ ‘ಮೈಲಿಗೆ’ಯೂ ಒಗೆಯದ ಬಟ್ಟೆಯಿಂದ ಆಶೌಚದವರೆಗೆ ನಡೆದುಬಂದಿದೆ. ಎರಡಕ್ಕೂ ನಂಟಿಲ್ಲ, ಅರ್ಥ ನಡೆದ ಹಾದಿ ಮಾತ್ರ ಒಂದೇ. ‘ಗಾಳಿ ಸೋಕಿತು’ ಎಂಬಲ್ಲಿಯಾದರೋ ಗಾಳಿಯೇ ಭೂತವಾಗುತ್ತದೆ. ಸೋಂಕು ಎಂದರೆ ಮುಟ್ಟುವಿಕೆ. 1953ರಲ್ಲಿ ವೈದ್ಯಕೀಯ ಕಾಲೇಜು ನೆಲೆಗೊಂಡ ಮಣಿಪಾಲದಲ್ಲಿ ಇಂದು ಕನ್ನಡದಲ್ಲಿ ರೋಗವಿಚಾರ ಹೇಳುವವರಿಗೂ ರೋಗಾಣುವಿನ ಪ್ರವೇಶಕ್ಕೆ ಇದೇ ಮಾತು ಬೇಕು.

ನಮ್ಮ ವೈದ್ಯವು ದುರ್ವಾಯುವನ್ನು ಅರಿಯದುದೇನಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋಧ್ವಂಸದ ಕಾರಣಗಳಾಗಿ ವಾಯು, ಜಲ, ದೇಶ, ಕಾಲ ಎಂಬ ನಾಲ್ಕರ ಕೆಡುವಿಕೆಯನ್ನು ಹೇಳಿದೆ, ಮೊದಲನೆಯದು ವಾಯುವೇ. ಆದರೂ ಬಿಟ್ಟುಬಿಟ್ಟು ಬರುವ ಜ್ವರಕ್ಕೆ ಗಾಳಿಯ ಹೆಸರನ್ನಿಡದೆ, ಅದರ ಗತಿಯನ್ನೇ ನೋಡಿ ‘ವಿಷಮಜ್ವರ’ವೆಂದರು, ತೃತೀಯಕ, ಚತುರ್ಥಕ ಎಂಬ ಭೇದಗಳೂ ದಿನಗಣನೆಯಿಂದಲೇ ಬಂದವು. ಇಲ್ಲಿ ‘ವಿಷಮ’ವೆಂದರೆ ಸಮವಲ್ಲದ್ದು, ವಿದ್ಯಾರ್ಥಿಗಳು ಇದರಲ್ಲಿ ‘ವಿಷ’ವನ್ನು ಕಾಣುವುದು ತಪ್ಪು. ಇಂದಿನ ರೂಢಿಯ ‘ವಿಷಮಶೀತಜ್ವರ’ವು ಟೈಫಾಯ್ಡಿಗೆ ಸಲ್ಲುವುದರಿಂದ ತೊಡಕು ಮತ್ತಷ್ಟು ಹೆಚ್ಚಿದೆ.

1880ರಲ್ಲಿ ಲಾವರಾನನು ರೋಗಿಯ ರಕ್ತದಲ್ಲಿ ಪರೋಪಜೀವಿಯನ್ನು ಕಂಡನು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸನು ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಗುರುತಿಸಿದನು. ಗಾಳಿಯ ಮೇಲಿನ ಆರೋಪ ತೊಲಗಿತು, ಹೆಸರು ಉಳಿಯಿತು. ಪಟ್ಟಣಗಳಲ್ಲಿ ಈ ಜ್ವರವನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯು ಬಾವಿ, ತೊಟ್ಟಿಗಳ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಅಲ್ಲಿ ಮಲೆಯೂ ಇಲ್ಲ, ದುರ್ಗಂಧವೂ ಇಲ್ಲ.